ಇನ್ನು ನೀನು ಕಲಿಸುವವಳು

ಮಗಳೇ,

ನೀನು ಕೋಚ್ ಆದ ಸುದ್ದಿ ಕೇಳಿ ನನಗಾದಷ್ಟು ಸಂತೋಷ ನಿನಗಾಗಿಲ್ಲ ಎಂಬುದು ಫೋನಿನಲ್ಲಿ ನಿನ್ನ ದನಿ ಕೇಳಿದಾಗಲೇ ಗೊತ್ತಾಯಿತು. ಮಂಡಿ ನೋವಿನಿಂದ ಸ್ಪರ್ಧೆ ಬಿಡಬೇಕಾಯಿತು, ಅದಕ್ಕೂ ಮೊದಲು ಕೊರೊನಾ ಕಾಲದಲ್ಲಿ ಒಳ್ಳೆಯ ಎರಡು ವರ್ಷ ಹಾಳಾದವು, ಈಗ ಸೇರಿರುವ ಶಾಲೆಯಲ್ಲಿ ಹಳೆಯ ಮ್ಯಾಟುಗಳನ್ನು ಬಿಟ್ಟರೆ ಮತ್ತೇನೂ ಇಲ್ಲ ಎಂದೆ. ಕೊನೆಗೆ ‘ನನ್ನ ಆಟ ಮುಗೀತು ಮೇಷ್ಟ್ರೇ, ಇನ್ನು ಬರೀ ನೌಕರಿ’ ಎಂದೆ. ಅವಸರದಲ್ಲಿ ಸಮಾಧಾನ ಹೇಳಿ ಫೋನ್ ಇಡುವ ಮಾತಲ್ಲ ಅದು. ನಿನಗೆ ಮೊದಲ ಲಾಗ ಕಲಿಸಿದ ಸಲುಗೆಯಿಂದ ಕೂತು ಬರೆಯುತ್ತಿದ್ದೇನೆ. ನಿಧಾನವಾಗಿ ಓದು.

ಬುದ್ಧಿಮಾತಿಗೆ ಮೊದಲು ಒಂದು ಬದುಕಿನ ಕಥೆ ಹೇಳುತ್ತೇನೆ. ಆಗ್ನೆಶ್ ಕೆಲೆಟಿ ಎಂಬ ಹೆಸರನ್ನು ನೀನು ಕೇಳಿರಬಹುದು. ಹಂಗೆರಿ ದೇಶದ ಬುಡಾಪೆಸ್ಟ್ ನಗರದಲ್ಲಿ 1921ರ ಜನವರಿ 9ರಂದು ಹುಟ್ಟಿದವರು. 2025ರ ಜನವರಿ 2ರಂದು ತೀರಿಕೊಂಡಾಗ ನೂರನಾಲ್ಕನೆಯ ಹುಟ್ಟುಹಬ್ಬಕ್ಕೆ ಒಂದೇ ವಾರ ಬಾಕಿ ಇತ್ತು. ಒಲಿಂಪಿಕ್ಸ್‌ನಲ್ಲಿ ಐದು ಚಿನ್ನ, ಮೂರು ಬೆಳ್ಳಿ, ಎರಡು ಕಂಚು, ಒಟ್ಟು ಹತ್ತು ಪದಕ ಗೆದ್ದರು. ಹತ್ತಕ್ಕೆ ಹತ್ತೂ ಮೂವತ್ತು ದಾಟಿದ ಮೇಲೆ ಬಂದವು. ಅದಾದ ನಂತರ ಮೂರು ದಶಕಗಳಿಗೂ ಹೆಚ್ಚು ಕಾಲ ಅವರು ಪಾಠ ಹೇಳಿಕೊಟ್ಟರು. ನೀನು ತೋಡಿಕೊಂಡ ಒಂದೊಂದು ನೋವಿಗೂ ಅವರ ಬದುಕಿನಲ್ಲಿ ಉತ್ತರವಿದೆ.

ಮೊದಲು ನೀನು ಕಳೆದುಕೊಂಡೆ ಎನ್ನುವ ಆ ವರ್ಷಗಳ ಮಾತು. ಕೆಲೆಟಿ ಹದಿನಾರನೆಯ ವಯಸ್ಸಿಗೇ ಹಂಗೆರಿಯ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಹುಡುಗಿ. 1940ರ ಒಲಿಂಪಿಕ್ಸ್‌ಗೆ ಹೋಗುವ ಭರವಸೆ ಇತ್ತು. ಎರಡನೆಯ ಮಹಾಯುದ್ಧದಿಂದಾಗಿ ಆ ಕ್ರೀಡಾಕೂಟವೂ ನಡೆಯಲಿಲ್ಲ, 1944ರದ್ದೂ ನಡೆಯಲಿಲ್ಲ. ಅಷ್ಟೇ ಆಗಿದ್ದರೆ ಎಲ್ಲ ದೇಶದ ಆಟಗಾರರ ಕಷ್ಟದಲ್ಲಿ ಅವರದೂ ಒಂದು ಎನ್ನಬಹುದಿತ್ತು. ಆದರೆ ಅವರು ಯಹೂದಿ ಮನೆತನದವರು. ಆ ಒಂದೇ ಕಾರಣಕ್ಕೆ ಕ್ಲಬ್ಬಿನಿಂದ ಹೊರಹಾಕಿದರು. 1944ರಲ್ಲಿ ಜರ್ಮನ್ ಸೇನೆ ಹಂಗೆರಿಯೊಳಕ್ಕೆ ಬಂದಾಗ ಪ್ರಾಣಕ್ಕೇ ಸಂಚಕಾರ ಬಂತು. ಬೇರೊಬ್ಬ ಕ್ರೈಸ್ತ ಹುಡುಗಿಯ ಗುರುತಿನ ಕಾಗದಗಳನ್ನು ಹಣ ಕೊಟ್ಟು ಪಡೆದು, ಅವಳ ಹೆಸರಿನಲ್ಲಿ ಹಳ್ಳಿಯೊಂದರಲ್ಲಿ ಮನೆಗೆಲಸ ಮಾಡಿಕೊಂಡು ಜೀವ ಉಳಿಸಿಕೊಂಡರು. ಬುಡಾಪೆಸ್ಟ್‌ಗೆ ಮುತ್ತಿಗೆ ಬಿದ್ದ ಚಳಿಗಾಲದಲ್ಲಿ ಬೆಳಗಿನ ಹೊತ್ತು ಬೀದಿಯ ಹೆಣಗಳನ್ನು ಒಟ್ಟುಮಾಡಿ ಸಾಮೂಹಿಕ ಗುಂಡಿಗೆ ಸಾಗಿಸುವ ಕೆಲಸವನ್ನೂ ಮಾಡಿದರು. ತಂದೆ ನಾಜಿಗಳ ಆಶ್ವಿಟ್ಸ್ ಶಿಬಿರದಲ್ಲಿ ಸತ್ತರು. ತಾಯಿ ಮತ್ತು ಒಡಹುಟ್ಟಿದವಳು ಸ್ವೀಡನ್ನಿನ ರಾಯಭಾರ ಕಚೇರಿಯ ರಾವುಲ್ ವಾಲೆನ್‌ಬರ್ಗ್ ಅವರ ನೆರವಿನಿಂದ ಬದುಕುಳಿದರು.

ಯುದ್ಧ ಮುಗಿದ ಮೇಲೆ ಈ ಹೆಣ್ಣುಮಗಳು ಮತ್ತೆ ಬಾರ್ ಹಿಡಿದರು. 1948ರ ಲಂಡನ್ ಒಲಿಂಪಿಕ್ಸ್‌ಗೆ ತಂಡದ ಜೊತೆ ಹೋದರೂ ಕಣಕಾಲಿನ ಅಸ್ಥಿರಜ್ಜು ಹರಿದು ಸ್ಪರ್ಧಿಸಲಾಗಲಿಲ್ಲ. ಮೂರು ಒಲಿಂಪಿಕ್ಸ್ ಹೀಗೆ ಹೋದವು. ನಾಲ್ಕನೆಯದು 1952ರ ಹೆಲ್ಸಿಂಕಿ. ಆಗ ಅವರಿಗೆ ಮೂವತ್ತೊಂದು ವರ್ಷ. ಫ್ಲೋರ್ ವ್ಯಾಯಾಮದಲ್ಲಿ ಚಿನ್ನ ಗೆದ್ದರು.

ಈ ಕಥೆಯನ್ನು ನಿನ್ನ ನೋವು ಸಣ್ಣದೆಂದು ತೋರಿಸಲು ಹೇಳುತ್ತಿಲ್ಲ. ಒಬ್ಬರ ಸಂಕಟವನ್ನು ಇನ್ನೊಬ್ಬರ ಸಂಕಟದ ಪಕ್ಕದಲ್ಲಿಟ್ಟು ಅಳೆಯುವುದು ಹಿರಿಯರಿಗೆ ಶೋಭೆಯಲ್ಲ. ಹೋದ ವರ್ಷ ಹೋಯಿತು, ಅದನ್ನು ಯಾರೂ ತಂದುಕೊಡಲಾರರು. ಆದರೆ ಹೋದ ವರ್ಷಗಳ ಲೆಕ್ಕ ಇಟ್ಟುಕೊಂಡು ಕೂತವರು ಉಳಿದ ವರ್ಷಗಳನ್ನೂ ಅದೇ ಖಾತೆಗೆ ಬರೆದುಬಿಡುತ್ತಾರೆ. ಕೆಲೆಟಿ ಹಾಗೆ ಬರೆಯಲಿಲ್ಲ. ನಿನ್ನಲ್ಲೂ ಆ ಕಹಿ ಉಳಿಯಬಾರದು. ಕಲಿಸುವವಳ ಮನಸ್ಸಿನಲ್ಲಿ ಕಹಿ ಇದ್ದರೆ ಅದು ಮಕ್ಕಳಿಗೆ ತಾಗದೆ ಇರುವುದಿಲ್ಲ. ತಾನು ಗೆಲ್ಲಲಾಗದ ಪದಕವನ್ನು ಮಗುವಿನ ಕೈಯಿಂದ ಗೆಲ್ಲಿಸಿಕೊಳ್ಳಲು ಹೊರಟ ಕೋಚ್‌ಗಳನ್ನು ನಾನು ಬಹಳ ನೋಡಿದ್ದೇನೆ. ಆ ಮಕ್ಕಳ ಮುಖದಲ್ಲಿ ಆಟದ ಖುಷಿಯೇ ಇರುವುದಿಲ್ಲ. ನೀನು ಅಂಥವಳಾಗಬೇಡ.

ಎರಡನೆಯ ಮಾತು ವಯಸ್ಸಿನದು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಕೆಲೆಟಿಗೆ ಮೂವತ್ತೈದು. ಎದುರಿಗಿದ್ದವರು ಸೋವಿಯತ್ ಒಕ್ಕೂಟದ ಲಾರಿಸಾ ಲತೀನಿನಾ, ಇಪ್ಪತ್ತೊಂದರ ಯುವತಿ. ವೈಯಕ್ತಿಕ ಆಲ್‌ರೌಂಡ್‌ನಲ್ಲಿ ಲತೀನಿನಾ 0.3 ಅಂಕದಿಂದ ಗೆದ್ದರು, ಕೆಲೆಟಿಗೆ ಬೆಳ್ಳಿ. ಆದರೆ ಬೀಮ್ ಮತ್ತು ಅನ್‌ಈವನ್ ಬಾರ್ಸ್ ಎರಡರಲ್ಲೂ ಚಿನ್ನ ಕೆಲೆಟಿಗೆ ಬಂತು, ಫ್ಲೋರ್‌ನ ಚಿನ್ನವನ್ನು ಇಬ್ಬರೂ ಹಂಚಿಕೊಂಡರು, ಸಲಕರಣೆ ಹಿಡಿದು ಮಾಡುವ ತಂಡ ಸ್ಪರ್ಧೆಯಲ್ಲೂ ಹಂಗೆರಿ ಗೆದ್ದಿತು. ಹದಿನಾಲ್ಕು ವರ್ಷ ಕಿರಿಯಳ ಎದುರು ನಿಂತು ನಾಲ್ಕು ಚಿನ್ನ, ಎರಡು ಬೆಳ್ಳಿ!

ಅದಾದ ಇಪ್ಪತ್ತು ವರ್ಷಕ್ಕೆ ಆಟದ ರೂಪವೇ ಬದಲಾಯಿತು. 1976ರಲ್ಲಿ ಮಾಂಟ್ರಿಯಲ್‌ನಲ್ಲಿ ರೊಮೇನಿಯಾದ ನಾದಿಯಾ ಕೊಮನೆಚಿ ಹದಿನಾಲ್ಕನೆಯ ವಯಸ್ಸಿಗೆ ಹತ್ತಕ್ಕೆ ಹತ್ತು ಅಂಕ ಪಡೆದಾಗ ಅಂಕದ ಫಲಕದಲ್ಲಿ ಅದನ್ನು ತೋರಿಸಲು ಜಾಗವೇ ಇರಲಿಲ್ಲ, 1.00 ಎಂದು ಬಂತು. ಅಂದಿನಿಂದ ಎಲ್ಲೆಡೆ ಸಣ್ಣ ಮೈಯ ಸಣ್ಣ ಹುಡುಗಿಯರಿಗೆ ಹುಡುಕಾಟ ಶುರುವಾಯಿತು. ಅತಿಯಾದಾಗ ಅಂತರರಾಷ್ಟ್ರೀಯ ಒಕ್ಕೂಟವೇ ತಡೆ ಹಾಕಬೇಕಾಯಿತು. ಹಿರಿಯರ ವಿಭಾಗಕ್ಕೆ ಕನಿಷ್ಠ ವಯಸ್ಸು 1981ರಲ್ಲಿ ಹದಿನೈದಾಯಿತು, 1997ರಲ್ಲಿ ಹದಿನಾರಾಯಿತು. ದೊಡ್ಡ ವಯಸ್ಸಿನವರ ಗೆಲುವೂ ಮತ್ತೆ ಕಂಡಿತು. ಉಜ್ಬೇಕಿಸ್ತಾನದಲ್ಲಿ ಹುಟ್ಟಿದ ಒಕ್ಸಾನಾ ಚುಸೊವಿಟಿನಾ 2008ರಲ್ಲಿ ಬೀಜಿಂಗ್‌ನಲ್ಲಿ ಮೂವತ್ತಮೂರನೆಯ ವಯಸ್ಸಿನಲ್ಲಿ ವಾಲ್ಟ್ ಬೆಳ್ಳಿ ಗೆದ್ದಳು. ನಮ್ಮ ದೀಪಾ ಕರ್ಮಾಕರ್ 2024ರಲ್ಲಿ ತಾಷ್ಕೆಂಟ್‌ನ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ವಾಲ್ಟ್ ಚಿನ್ನ ಗೆದ್ದಾಗ ಅವಳಿಗೂ ಮೂವತ್ತು.

ಹೀಗಿರುವಾಗ ಹನ್ನೊಂದು ವರ್ಷದ ಹುಡುಗಿ ನಿನ್ನ ಹತ್ತಿರ ಬಂದರೆ ‘ತಡವಾಯಿತು’ ಎಂದು ಕಳಿಸಬೇಡ. ಆರು ವರ್ಷದ ಮಗುವನ್ನು ಕರೆತಂದ ಅಪ್ಪ ‘ಯಾವಾಗ ಪದಕ ಬರುತ್ತೆ ಮೇಡಂ’ ಎಂದು ಕೇಳಿದರೆ ಅವಸರಕ್ಕೆ ಬೀಳಬೇಡ. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಇನ್ನೂ ಗಟ್ಟಿಯಾಗದ ಭಾಗವೊಂದು ಇರುತ್ತದೆ, ಮೂಳೆ ಉದ್ದವಾಗುವುದು ಅಲ್ಲಿಂದಲೇ. ನಮ್ಮ ಆಟದಲ್ಲಿ ಕೈಯೂ ಕಾಲಿನಂತೆ ಮೈಭಾರ ಹೊರಬೇಕು. ಅದರಿಂದ ಮುಂಗೈ ಮೂಳೆಯ ಆ ಭಾಗಕ್ಕೆ ಮೇಲಿಂದ ಮೇಲೆ ಪೆಟ್ಟು ಬೀಳುತ್ತದೆ. ಮಗು ಮಣಿಕಟ್ಟು ನೋವು ಎಂದರೆ ಪಟ್ಟಿ ಸುತ್ತಿ ಇನ್ನೊಂದು ಸುತ್ತು ಮಾಡಿಸುವುದು ಕೋಚಿಂಗ್ ಅಲ್ಲ. ಅಂದೇ ಕೈಯ ಮೇಲೆ ಭಾರ ಬೀಳುವ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸು. ಆ ದಿನಗಳಲ್ಲಿ ಹೊಟ್ಟೆ, ಬೆನ್ನು, ತೊಡೆಯ ಬಲಕ್ಕೆ ಬೇಕಾದ ವ್ಯಾಯಾಮ ಮಾಡಿಸಬಹುದು. ಮಗು ಹಾಲ್‌ಗೆ ಬರುವುದನ್ನೂ ಬಿಡುವುದಿಲ್ಲ, ಕೈಗೂ ವಿಶ್ರಾಂತಿ ಸಿಗುತ್ತದೆ.

ಇನ್ನು ‘ಏನೂ ಇಲ್ಲದ ಶಾಲೆ’. ಮೆಲ್ಬರ್ನ್‌ನಲ್ಲಿ ಕೆಲೆಟಿ ಪದಕ ಗೆಲ್ಲುತ್ತಿದ್ದಾಗ ಅತ್ತ ತಾಯ್ನಾಡಿನಲ್ಲಿ ಜನರ ದಂಗೆಯನ್ನು ಸೋವಿಯತ್ ಟ್ಯಾಂಕುಗಳು ತುಳಿದು ಹಾಕಿದ್ದವು. ಹಂಗೆರಿಯ ಹಲವು ಆಟಗಾರರು ಊರಿಗೆ ಮರಳಲೇ ಇಲ್ಲ. ಕೆಲೆಟಿಯೂ ಆಸ್ಟ್ರೇಲಿಯಾದಲ್ಲೇ ಆಶ್ರಯ ಪಡೆದು ಅಲ್ಲಿನ ಜಿಮ್ನಾಸ್ಟ್‌ಗಳಿಗೆ ಕೆಲಕಾಲ ತರಬೇತಿ ಕೊಟ್ಟರು. 1957ರಲ್ಲಿ ಇಸ್ರೇಲಿನಲ್ಲಿ ನಡೆದ ಯಹೂದಿಯರ ಮಕ್ಕಾಬಿಯಾ ಕ್ರೀಡಾಕೂಟಕ್ಕೆ ಹೋದವರು ಅಲ್ಲೇ ನೆಲೆಸಿದರು. ತಾಯಿಯೂ ಒಡಹುಟ್ಟಿದವಳೂ ಅಲ್ಲಿಗೇ ಬಂದು ಸೇರಿಕೊಂಡರು.

ಎಂಥ ಸ್ಥಿತಿ ಅದು ಎಂದು ಒಮ್ಮೆ ಯೋಚಿಸು. ಒಲಿಂಪಿಕ್ಸ್‌ನಲ್ಲಿ ಹತ್ತು ಪದಕ ಗೆದ್ದ ಹೆಂಗಸು. ದೇಶ ಹೊಸದು, ಭಾಷೆ ಹೊಸದು. ಒಲಿಂಪಿಕ್ಸ್‌ನಲ್ಲಿ ಆಡುವ ಮಟ್ಟದ ಜಿಮ್ನಾಸ್ಟಿಕ್ಸ್ ಆ ನಾಡಿಗೆ ಇನ್ನೂ ಅಪರಿಚಿತ, ಅದಕ್ಕೆ ತಕ್ಕ ಸಲಕರಣೆಯೂ ಇರಲಿಲ್ಲ. ‘ನನ್ನ ಮಟ್ಟಕ್ಕೆ ತಕ್ಕ ಜಾಗವಲ್ಲ ಇದು’ ಎಂದು ಬೇರೆ ದೇಶಕ್ಕೆ ಹೊರಟಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವರು ಅಲ್ಲಿಯೇ ನಿಂತು ಮೊದಲಿನಿಂದ ಕಟ್ಟಿದರು. ರಾಷ್ಟ್ರೀಯ ತಂಡಕ್ಕೆ ಕೋಚ್ ಆದರು, ದೈಹಿಕ ಶಿಕ್ಷಣ ಹೇಳಿಕೊಡುವ ವಿಂಗೇಟ್ ಸಂಸ್ಥೆಯಲ್ಲಿ ಪಾಠ ಮಾಡಿದರು.

ನಮ್ಮ ದೇಶದಲ್ಲೂ ಇಂಥ ನಿದರ್ಶನ ಇಲ್ಲವೇ? ತ್ರಿಪುರಾದ ಅಗರ್ತಲಾದಲ್ಲಿ ಬಿಶ್ವೇಶ್ವರ ನಂದಿ ಎಂಬ ಜಿಮ್ನಾಸ್ಟ್ ಇದ್ದರು. ತಾವು ಆಡಿದ ಕಾಲ ಮುಗಿದ ಮೇಲೆ ಅದೇ ಊರಿನ ಮಕ್ಕಳಿಗೆ ಕಲಿಸಲು ನಿಂತರು. ಅವರ ಹೆಂಡತಿ ಸೋಮಾ ನಂದಿ ಕೂಡ ಕೋಚ್, ದೀಪಾ ಕರ್ಮಾಕರ್‌ಗೆ ಮೊದಲ ಪಾಠ ಹೇಳಿದವರು ಅವರೇ. ದೀಪಾಳದು ಚಪ್ಪಟೆ ಪಾದ. ಓಡಲು, ಜಿಗಿಯಲು, ನೆಲಕ್ಕೆ ಬಂದು ನಿಲ್ಲಲು ಅಡ್ಡಿಯಾಗುವ ಪಾದ. ಅದನ್ನು ಸರಿಪಡಿಸಲು ವರ್ಷಗಟ್ಟಲೆ ಶ್ರಮಪಟ್ಟರು. ಸರಿಯಾದ ವಾಲ್ಟ್ ಉಪಕರಣ ಇಲ್ಲದ ದಿನಗಳಲ್ಲಿ ಹಳೆಯ ಸ್ಕೂಟರಿನ ಬಿಡಿಭಾಗಗಳನ್ನು ಜೋಡಿಸಿ ಸಲಕರಣೆ ಮಾಡಿಕೊಂಡರು. ಆ ಹುಡುಗಿ 2014ರಲ್ಲಿ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು ಗೆದ್ದಳು. ಒಲಿಂಪಿಕ್ಸ್‌ಗೆ ಅರ್ಹತೆ ಪಡೆದ ಭಾರತದ ಮೊದಲ ಮಹಿಳಾ ಜಿಮ್ನಾಸ್ಟ್ ಎನಿಸಿದಳು. 2016ರ ಆಗಸ್ಟ್ 14ರಂದು ರಿಯೊದ ವಾಲ್ಟ್ ಫೈನಲ್‌ನಲ್ಲಿ 15.066 ಅಂಕ ಪಡೆದು ನಾಲ್ಕನೆಯವಳಾದಳು. ಕಂಚಿಗೂ ಅವಳಿಗೂ ನಡುವೆ ಇದ್ದದ್ದು 0.150 ಅಂಕ ಮಾತ್ರ. ಅದೇ ವರ್ಷ ನಂದಿಯವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂತು.

ಸಲಕರಣೆ ಬೇಡವೆಂದು ಹೇಳುತ್ತಿಲ್ಲ. ಶಾಲೆಯ ಆಡಳಿತದವರನ್ನು ಕೇಳು, ಕ್ರೀಡಾ ಇಲಾಖೆಗೆ ಅರ್ಜಿ ಹಾಕು, ಹಳೆಯ ವಿದ್ಯಾರ್ಥಿಗಳ ಬಾಗಿಲು ತಟ್ಟು, ನಾಚಿಕೊಳ್ಳಬೇಡ. ಮೊದಲು ದಪ್ಪನೆಯ ಮ್ಯಾಟ್ ಕೇಳು, ಉಳಿದದ್ದೆಲ್ಲ ಆಮೇಲೆ. ಅವು ಬರುವತನಕ ಕಲಿಸುವುದಕ್ಕೆ ಏನು ಕಡಿಮೆ? ಗೋಡೆ ಇದ್ದರೆ ಹ್ಯಾಂಡ್‌ಸ್ಟ್ಯಾಂಡ್ ಕಲಿಸಬಹುದು. ನೆಲದ ಮೇಲೆ ಗೆರೆ ಎಳೆದು ಬೀಮ್ ಮೇಲಿನ ನಡಿಗೆ, ತಿರುವು ಎಲ್ಲವನ್ನೂ ಕಲಿಸಬಹುದು. ಹಗ್ಗ ಹತ್ತಿಸಿದರೆ ಭುಜಕ್ಕೆ ಬಲ ಬರುತ್ತದೆ. ನಮ್ಮ ನಾಡಿನ ಗರಡಿಗಳಲ್ಲಿ ಒಂದು ಮರದ ಕಂಬವನ್ನೇ ನೆಚ್ಚಿಕೊಂಡು ಮಲ್ಲಕಂಬದ ಎಂಥೆಂಥ ಪಟ್ಟುಗಳನ್ನು ಹಿರಿಯರು ಕಲಿಸಿದ್ದಾರೆ ಎಂಬುದನ್ನು ನೀನೇ ಕಂಡಿದ್ದೀಯೆ. ಎಲ್ಲಕ್ಕಿಂತ ಮೊದಲು ಬೀಳುವುದನ್ನು ಕಲಿಸು. ಮಂಡಿ ಮಡಿಸಿ ಎರಡೂ ಪಾದದ ಮೇಲೆ ಇಳಿಯುವುದು, ಆಯ ತಪ್ಪಿದರೆ ಕೈಯೂರದೆ ಉರುಳಿಕೊಳ್ಳುವುದು, ಇವೆರಡು ಮೈಗೆ ಹತ್ತಿದ ಮಗು ಮುಂದೆ ಯಾವ ಎತ್ತರಕ್ಕೂ ಹೆದರುವುದಿಲ್ಲ.

ಈಗ ಹೇಳುವ ಮಾತನ್ನು ಗಟ್ಟಿಯಾಗಿ ನೆನಪಿಟ್ಟುಕೋ. ಮಗು ‘ಬೇಡ’ ಎಂದಾಗ ಕೇಳಿಸಿಕೊಳ್ಳುವ ಕಿವಿ ಕೋಚ್‌ಗೆ ಇರಬೇಕು. ಸೋವಿಯತ್ ಒಕ್ಕೂಟದ ಎಲೆನಾ ಮುಖಿನಾ 1978ರಲ್ಲಿ ವಿಶ್ವ ಚಾಂಪಿಯನ್ ಆದವಳು. ಮರುವರ್ಷ ಕಾಲು ಮುರಿಯಿತು. ಪೂರ್ತಿ ವಾಸಿಯಾಗುವ ಮೊದಲೇ ಮತ್ತೆ ಅಭ್ಯಾಸಕ್ಕೆ ಎಳೆದುತಂದರು. ಥಾಮಸ್ ಸಾಲ್ಟೊ ಎಂಬ ಪಲ್ಟಿಯೊಂದಿತ್ತು. ಗಾಳಿಯಲ್ಲಿ ತಿರುಗಿ ಕಾಲ ಮೇಲೆ ನಿಲ್ಲುವ ಬದಲು ನೇರ ಉರುಳಿಗೆ ಇಳಿಯಬೇಕಾದ ಪಲ್ಟಿ, ಕೂದಲೆಳೆಯಷ್ಟು ತಪ್ಪಿದರೂ ಕತ್ತಿಗೆ ಅಪಾಯ. ಅದರ ಭಯ ತನಗಿತ್ತು, ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಮುಖಿನಾ ಮುಂದೆ ಹೇಳಿಕೊಂಡಳು. 1980ರ ಜುಲೈನಲ್ಲಿ, ಮಾಸ್ಕೋ ಒಲಿಂಪಿಕ್ಸ್ ಹತ್ತಿರವಿದ್ದಾಗ, ಮಿನ್ಸ್ಕ್ ನಗರದ ಶಿಬಿರದಲ್ಲಿ ಆ ಪಲ್ಟಿಯಲ್ಲೇ ಕುತ್ತಿಗೆ ಮುರಿಯಿತು. ಇಪ್ಪತ್ತರ ಹುಡುಗಿ ಕೈಕಾಲು ಸ್ವಾಧೀನವಿಲ್ಲದೆ ಹಾಸಿಗೆ ಹಿಡಿದಳು. 2006ರಲ್ಲಿ ತೀರಿಕೊಂಡಳು. ಆ ಪಲ್ಟಿಗೆ ಆಮೇಲೆ ನಿಷೇಧ ಬಂತು.

ಇದರ ಎದುರಿಗೆ ಇನ್ನೊಂದನ್ನು ಇಟ್ಟು ನೋಡು. 2021ರಲ್ಲಿ ಟೋಕಿಯೊದಲ್ಲಿ ಅಮೆರಿಕದ ಸಿಮೋನ್ ಬೈಲ್ಸ್‌ಗೆ ಗಾಳಿಯಲ್ಲಿ ತಿರುಗುವಾಗ ನೆಲ ಎಲ್ಲಿದೆ ಎಂಬ ಅರಿವೇ ತಪ್ಪತೊಡಗಿತು. ತಂಡದ ಫೈನಲ್‌ನಲ್ಲಿ ಒಂದು ವಾಲ್ಟ್ ಮಾಡಿ ಹಿಂದೆ ಸರಿದಳು. ಹೇಡಿ ಎಂದವರಿದ್ದರು. ಅವಳ ಕೋಚ್‌ಗಳು ಅವಳ ಮಾತಿಗೆ ಬೆಲೆ ಕೊಟ್ಟರು. ಮೂರು ವರ್ಷಗಳ ನಂತರ ಪ್ಯಾರಿಸ್‌ನಲ್ಲಿ ಅದೇ ಬೈಲ್ಸ್ ಮೂರು ಚಿನ್ನ, ಒಂದು ಬೆಳ್ಳಿ ಗೆದ್ದಳು. ಅಂದು ನಿಲ್ಲಿಸಿದ್ದರಿಂದಲೇ ಮತ್ತೆ ಆಡುವ ಮೈ ಮನಸ್ಸು ಉಳಿದಿದ್ದವು.

ನಿನ್ನ ಮಕ್ಕಳು ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿ ‘ಪ್ರೊಡುನೋವಾ ಕಲಿಸಿ ಮೇಡಂ’ ಎಂದು ಕುಣಿಯುತ್ತಾರೆ. ದೀಪಾ ಮಾಡಿದ ಆ ವಾಲ್ಟ್ ಮುಂದಕ್ಕೆ ಎರಡು ಪಲ್ಟಿ ಹೊಡೆದು ನಿಲ್ಲುವಂಥದ್ದು. ಜಗತ್ತಿನಲ್ಲಿ ಅದನ್ನು ಸ್ಪರ್ಧೆಯಲ್ಲಿ ಮಾಡಿ ನಿಂತ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು. ಅದರ ಹಿಂದೆ ಎಷ್ಟು ವರ್ಷಗಳ ಬಲ, ಮ್ಯಾಟುಗಳ ರಾಶಿಯ ಮೇಲೆ ಎಷ್ಟು ಸಲದ ಅಭ್ಯಾಸ ಇದೆ ಎಂಬುದನ್ನು ವಿಡಿಯೊ ತೋರಿಸುವುದಿಲ್ಲ. ಹೇಳಬೇಕಾದವಳು ನೀನು. ಒಂದು ಮೆಟ್ಟಿಲು ಗಟ್ಟಿಯಾಗದೆ ಮುಂದಿನ ಮೆಟ್ಟಿಲಿಗೆ ಕಾಲಿಡಲು ಬಿಡಬೇಡ, ಮಗು ಅತ್ತರೂ ಸರಿ, ಅಪ್ಪ ಅಮ್ಮ ಮುನಿಸಿಕೊಂಡರೂ ಸರಿ.

ಮೈ ಮುಟ್ಟಿ ಕಲಿಸುವ ವಿದ್ಯೆ ನಮ್ಮದು. ಪಲ್ಟಿಯಲ್ಲಿ ಸೊಂಟಕ್ಕೆ, ಬೆನ್ನಿಗೆ ಕೈಕೊಟ್ಟು ಹಿಡಿಯದೆ ಹೊಸ ಪಟ್ಟು ಕಲಿಸಲಾಗುವುದಿಲ್ಲ. ಹಾಗೆಂದೇ ಇಲ್ಲಿ ಶಿಸ್ತು ಹೆಚ್ಚು ಬೇಕು. ಎಲ್ಲಿ, ಏಕೆ ಹಿಡಿಯುತ್ತೇನೆ ಎಂದು ಮೊದಲೇ ಹೇಳಿ, ಮಗು ಹೂಂ ಎಂದ ಮೇಲೆ ಹಿಡಿ. ಅಭ್ಯಾಸದ ಹಾಲ್‌ನ ಬಾಗಿಲು ತೆರೆದೇ ಇರಲಿ. ತಂದೆತಾಯಿ ಬಂದು ಕೂತು ನೋಡಬೇಕೆಂದರೆ ಕುರ್ಚಿ ಹಾಕಿಕೊಡು. ಅಮೆರಿಕದ ತಂಡದ ವೈದ್ಯನೊಬ್ಬ ಚಿಕಿತ್ಸೆಯ ನೆಪದಲ್ಲಿ ಎಷ್ಟೋ ವರ್ಷ ಹುಡುಗಿಯರನ್ನು ಪೀಡಿಸಿದ. 2018ರಲ್ಲಿ 150ಕ್ಕೂ ಹೆಚ್ಚು ಹೆಣ್ಣುಮಕ್ಕಳು ನ್ಯಾಯಾಲಯದ ಮುಂದೆ ತಮ್ಮ ನೋವು ಹೇಳಿಕೊಂಡ ಮೇಲೆ ನ್ಯಾಯಾಧೀಶರು ಅವನಿಗೆ ಜೈಲು ಶಿಕ್ಷೆ ವಿಧಿಸಿದರು. ಅದಕ್ಕೂ ಮೊದಲು ಬಾಯಿಬಿಟ್ಟ ಮಕ್ಕಳ ಮಾತನ್ನು ದೊಡ್ಡವರು ನಂಬಿರಲಿಲ್ಲ. ನಮ್ಮಲ್ಲಿ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡಲು 2012ರಿಂದ ಪೋಕ್ಸೊ ಕಾಯ್ದೆ ಇದೆ. ಅದನ್ನು ಒಮ್ಮೆ ಪೂರ್ತಿ ಓದು. ನಿನ್ನ ಹಾಲ್‌ನಲ್ಲಿ ಯಾವ ಮಗುವೂ ಹೇಳಲಾಗದ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಮನೆಗೆ ಹೋಗಬಾರದು. ಮಕ್ಕಳ ಮೈತೂಕದ ಬಗ್ಗೆ ಎಲ್ಲರೆದುರು ಒಂದು ಮಾತನ್ನೂ ಆಡಬೇಡ. ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡಿದ ಮಗುವೇ ಚೆನ್ನಾಗಿ ಕಲಿಯುವುದು.

ಕೆಲೆಟಿಯ ಬದುಕಿನಲ್ಲಿ ನನಗೆ ಬಹಳ ಹಿಡಿಸಿದ ಇನ್ನೊಂದು ಸಂಗತಿಯಿದೆ. ಅವರು ಚೆಲ್ಲೊ ನುಡಿಸುತ್ತಿದ್ದರು. ಪಿಟೀಲಿನ ಜಾತಿಯ ದೊಡ್ಡ ವಾದ್ಯ ಅದು. ಕಛೇರಿ ನುಡಿಸಿ ಸಂಪಾದನೆ ಮಾಡುವಷ್ಟು ಪಳಗಿದ್ದರು. ಮೃದು ತುಪ್ಪುಳಿನ ಉಡುಪು ಸಿದ್ಧಪಡಿಸುವ ಕಸುಬೂ ಗೊತ್ತಿತ್ತು. ಆಟಗಾರ್ತಿಗೆ ಆಟ ಒಂದೇ ಬದುಕಾಗಬಾರದು. ನಿನ್ನ ಮಕ್ಕಳು ಪರೀಕ್ಷೆಗೆ ಓದಬೇಕೆಂದರೆ ಅಭ್ಯಾಸದ ಹೊತ್ತು ಬದಲಿಸಿಕೊಡು. ಒಬ್ಬಳು ಹಾಡಿದರೆ, ಒಬ್ಬಳು ಚಿತ್ರ ಬರೆದರೆ ಮೆಚ್ಚಿಕೋ. ನೂರರಲ್ಲಿ ಒಬ್ಬಳು ದೇಶದ ತಂಡಕ್ಕೆ ಹೋದಾಳು. ಉಳಿದ ತೊಂಬತ್ತೊಂಬತ್ತು ಮಂದಿಗೂ ನೀನು ಕಲಿಸಿದ್ದು ಬದುಕಿಗೆ ಒದಗಬೇಕು. ನೆಟ್ಟಗೆ ನಿಲ್ಲುವ ಬೆನ್ನು, ಬಿದ್ದರೆ ಏಳುವ ಧೈರ್ಯ, ತನ್ನ ಮೈ ತನ್ನದೆಂಬ ಅಭಿಮಾನ, ಇವು ಪದಕ ಬಾರದವಳಿಗೂ ದಕ್ಕುತ್ತವೆ.

ಪದಕ ತರಲಿಲ್ಲ ಎಂದು ನಿನ್ನನ್ನು ದೂರುವವರು ಇದ್ದೇ ಇರುತ್ತಾರೆ. ಪದಕ ಬಂದರೂ ದೂರುತ್ತಾರೆ. ಅದಕ್ಕೆ ಲತೀನಿನಾ ಅವರೇ ಸಾಕ್ಷಿ. ಒಲಿಂಪಿಕ್ಸ್‌ನಲ್ಲಿ ಹದಿನೆಂಟು ಪದಕ, ಅದರಲ್ಲಿ ಒಂಬತ್ತು ಚಿನ್ನ ಗೆದ್ದವರು. ನಲವತ್ತೆಂಟು ವರ್ಷ ಯಾರೂ ಮುರಿಯದಿದ್ದ ದಾಖಲೆ ಅದು. 1966ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸೋವಿಯತ್ ತಂಡ ಚೆಕೊಸ್ಲೊವಾಕಿಯಾಕ್ಕೆ ಕೂದಲೆಳೆಯಲ್ಲಿ ಸೋತ ಮೇಲೆ ಆಟ ನಿಲ್ಲಿಸಿ ತಂಡದ ಕೋಚ್ ಆದರು. 1968, 1972, 1976ರ ಮೂರೂ ಒಲಿಂಪಿಕ್ಸ್‌ಗಳಲ್ಲಿ ತಂಡದ ಚಿನ್ನ ಗೆಲ್ಲಿಸಿಕೊಟ್ಟರು. ಮಾಂಟ್ರಿಯಲ್‌ನಲ್ಲಿ ಅವರ ತಂಡದ ನೆಲ್ಲಿ ಕಿಮ್ ಕೂಡ ಹತ್ತಕ್ಕೆ ಹತ್ತು ಪಡೆದಳು. ಆದರೂ ನಾದಿಯಾ ರೊಮೇನಿಯಾದವಳಾದದ್ದು ಲತೀನಿನಾರ ತಪ್ಪೋ ಎಂಬಂತೆ ಅಧಿಕಾರಿಗಳು ಟೀಕಿಸಿದರು. 1977ರಲ್ಲಿ ಅವರು ಆ ಹುದ್ದೆ ಬಿಟ್ಟರು, ಕ್ರೀಡೆಯ ಕೆಲಸ ಬಿಡಲಿಲ್ಲ. 2012ರಲ್ಲಿ ಲಂಡನ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಆ ಹದಿನೆಂಟು ಪದಕಗಳ ದಾಖಲೆಯನ್ನು ಮುರಿದಾಗ ಎಪ್ಪತ್ತೇಳರ ಆ ಹಿರಿಯರು ಪ್ರೇಕ್ಷಕರ ನಡುವೆ ಕೂತು ನೋಡಿದರು. ಗೆಲ್ಲುವ ವಿದ್ಯೆ ಬಲ್ಲವರು ಬಹಳ ಮಂದಿ. ಮತ್ತೊಬ್ಬರ ಗೆಲುವನ್ನು ನೋಡಿ ಸಂತೋಷಪಡುವ ವಿದ್ಯೆಯನ್ನು ಬೇರೆಯಾಗಿ ಕಲಿಯಬೇಕು. ಕೋಚ್‌ಗೆ ಅದು ದಿನದಿನದ ಅಗತ್ಯ. ನಿನ್ನ ಶಿಷ್ಯೆ ನಿನಗಿಂತ ಮೇಲೆ ಹೋಗುತ್ತಾಳೆ. ಒಮ್ಮೊಮ್ಮೆ ನಿನಗಿಂತ ಒಳ್ಳೆಯ ಕೋಚ್ ಬೇಕೆಂದು ಬೆಂಗಳೂರಿಗೋ ದೆಹಲಿಗೋ ಹೊರಟು ನಿಲ್ಲುತ್ತಾಳೆ. ಆಗ ಮನಸ್ಸು ಸಣ್ಣದು ಮಾಡಿಕೊಳ್ಳದೆ ನೀನೇ ಅವಳ ಜೊತೆ ಹೋಗಿ ಸೇರಿಸಿ ಬಾ.

ಕೆಲೆಟಿಯ ಕೋಚಿಂಗ್‌ನ ದೊಡ್ಡ ಫಲ ಎಲ್ಲಿದೆ ಎಂದು ನಾನು ಯೋಚಿಸಿದ್ದೇನೆ. ಅವರು ತಂಡಕ್ಕಷ್ಟೇ ಕಲಿಸಲಿಲ್ಲ, ದೈಹಿಕ ಶಿಕ್ಷಣದ ಮೇಷ್ಟ್ರುಗಳಾಗುವವರಿಗೆ ಕಲಿಸಿದರು. ಅವರಿಂದ ಕಲಿತವರು ಶಾಲೆ ಶಾಲೆಗೆ ಹೋಗಿ ಮಕ್ಕಳಿಗೆ ಕಲಿಸಿದರು. ಹಳ್ಳಿಯಲ್ಲಿ ಒಂದು ಮನೆಯ ಹೆಪ್ಪು ಪಕ್ಕದ ಮನೆಯ ಹಾಲನ್ನು ಮೊಸರು ಮಾಡಿ, ಅಲ್ಲಿಂದ ಮತ್ತೊಂದು ಮನೆಗೆ ಹೋಗುವುದಿಲ್ಲವೇ? ಕಲಿಸುವ ವಿದ್ಯೆಯೂ ಹಾಗೆಯೇ ಕೈಯಿಂದ ಕೈಗೆ ಹೋಗಿ ಹರಡುತ್ತದೆ. 2017ರಲ್ಲಿ ಅವರಿಗೆ ಇಸ್ರೇಲ್ ಪ್ರಶಸ್ತಿ ಕೊಟ್ಟು ಗೌರವಿಸಿದರು. 2021ರಲ್ಲಿ ಟೋಕಿಯೊದಲ್ಲಿ ಆರ್ಟೆಮ್ ಡೊಲ್ಗೊಪ್ಯಾಟ್ ಇಸ್ರೇಲಿಗೆ ಆರ್ಟಿಸ್ಟಿಕ್ ಜಿಮ್ನಾಸ್ಟಿಕ್ಸ್‌ನ ಮೊದಲ ಒಲಿಂಪಿಕ್ ಚಿನ್ನ ತಂದುಕೊಟ್ಟ, ಅದೂ ಫ್ಲೋರ್‌ನಲ್ಲಿ. ಆಗ ಕೆಲೆಟಿಗೆ ನೂರು ವರ್ಷ. ಆ ಹುಡುಗ ಹುಟ್ಟಿದ್ದು ಉಕ್ರೇನಿನಲ್ಲಿ, ಕಲಿಸಿದವರು ಬೇರೆಯವರು. ಆದರೂ ತಕ್ಕ ಸಲಕರಣೆಯೇ ಇಲ್ಲದ ನಾಡಿನಲ್ಲಿ ಮೊದಲ ಮ್ಯಾಟ್ ಹಾಸಿದವರಲ್ಲಿ ಅವರೊಬ್ಬರು ಎಂಬುದನ್ನು ಮರೆಯಲಾಗದು. ಬಿತ್ತಿದವರಿಗೆ ಕೊಯ್ಲಿನಲ್ಲಿ ಹೆಸರು ಬರಲೇಬೇಕೆಂಬ ನಿಯಮವಿಲ್ಲ.

ನೀನೂ ಈ ದಾರಿ ಹಿಡಿ. ನೀನು ಗೆಲ್ಲಲು ಕಲಿತದ್ದು ಮೈಗೆ ಗೊತ್ತು, ಅದನ್ನು ಬಾಯಲ್ಲಿ ಹೇಳಲು ಬರಬೇಕಾದರೆ ಮತ್ತೆ ವಿದ್ಯಾರ್ಥಿಯಾಗಬೇಕು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ 1961ರಿಂದ ಕೋಚ್‌ಗಳನ್ನು ತಯಾರು ಮಾಡುತ್ತಿದೆ. ಅಲ್ಲಿನ ಡಿಪ್ಲೊಮಾಕ್ಕೆ ಅರ್ಜಿ ಹಾಕು. ತೀರ್ಪುಗಾರರ ಪರೀಕ್ಷೆಗೂ ಕೂರು, ಅಂಕ ಎಲ್ಲಿ ಕಡಿಯುತ್ತಾರೆ ಎಂಬುದು ಗೊತ್ತಿದ್ದರೆ ಕಲಿಸುವ ಕಣ್ಣು ಚುರುಕಾಗುತ್ತದೆ. ಪ್ರತಿ ಮಗುವಿಗೂ ಒಂದು ಪುಟ ಇಟ್ಟು ಏನು ಕಲಿತಳು, ಎಲ್ಲಿ ನೋವು, ಯಾವುದಕ್ಕೆ ಹೆದರುತ್ತಾಳೆ ಎಂದು ಬರೆದುಕೋ. ತಿಂಗಳಿಗೊಮ್ಮೆ ಹಿಂದಿನ ಪುಟ ತಿರುವಿ ನೋಡು. ದೊಡ್ಡ ಹುಡುಗಿಯರಿಗೆ ವಾರಕ್ಕೊಮ್ಮೆ ಚಿಕ್ಕವರ ಗುಂಪನ್ನು ಒಪ್ಪಿಸಿ, ದೂರ ನಿಂತು ನೋಡು. ಕಲಿಸುವ ಒಲವು ಯಾರಲ್ಲಿದೆ ಎಂಬುದು ಆಗ ತಾನಾಗಿ ತಿಳಿಯುತ್ತದೆ. ಅಂಥವಳು ಸಿಕ್ಕಿದರೆ, ಪದಕ ಬಂದಿರಲಿ ಬಾರದಿರಲಿ, ಅವಳನ್ನು ಬಿ.ಪಿ.ಎಡ್. ಓದಿಸಲು ಅವಳ ಮನೆಯವರನ್ನು ಒಪ್ಪಿಸು.

‘ಆಟ ಮುಗೀತು’ ಎಂದೆಯಲ್ಲ, ಮಗಳೇ, ಸ್ಪರ್ಧೆ ಮುಗಿದಿದೆ ಅಷ್ಟೇ. ಪ್ರಪಂಚ ನೋಡುವ ಆಸೆಯಿಂದ ಆಟಕ್ಕೆ ಬಂದವಳು ನಾನು ಎಂದು ಕೆಲೆಟಿ ಹೇಳುತ್ತಿದ್ದರು. ನಿನ್ನ ಕೈಕೆಳಗೆ ಬಂದ ಮಕ್ಕಳಿಗೆ ಆ ಪ್ರಪಂಚದ ಬಾಗಿಲು ತೆರೆಯಬೇಕಾದವಳು ಈಗ ನೀನು. ಇದು ಬರೀ ನೌಕರಿಯಲ್ಲ. ನಿನ್ನಿಂದ ಕಲಿತ ಹುಡು‌ಗಿಯೊಬ್ಬಳು ಬೇರೊಂದು ಊರಿನಲ್ಲಿ ಮ್ಯಾಟ್ ಹಾಸಿ ಕಲಿಸಲು ನಿಂತ ದಿನ ನನಗೆ ತಪ್ಪದೆ ಫೋನ್ ಮಾಡು. ನೀನು ಪದಕ ಗೆದ್ದ ದಿನ ಪಟ್ಟದ್ದಕ್ಕಿಂತ ಹೆಚ್ಚಿನ ಸಂತೋಷವನ್ನು ಅಂದು ಪಡುತ್ತೇನೆ.

ಒಳ್ಳೆಯದಾಗಲಿ.

ನಿನ್ನ ಮೇಷ್ಟ್ರು